ನಿರ್ಮಾಣಪೂರ್ವ ಸ್ವತಂತ್ರ ವಿನ್ಯಾಸ ಪರಿಶೀಲನೆ

ಕಟ್ಟಡ, ಸೇತುವೆ, ಅಣೆಕಟ್ಟು, ಸುರಂಗ ಮೊದಲಾದ ನಿರ್ಮಾಣಗಳ ನಕ್ಷೆ ಮತ್ತು ಲೆಕ್ಕಾಚಾರಗಳನ್ನು, ಅವನ್ನು ತಯಾರಿಸಿದವರಿಗೆ ಸಂಬಂಧವಿಲ್ಲದ ಇನ್ನೊಬ್ಬ ಎಂಜಿನಿಯರ್ ಅಥವಾ ಸಂಸ್ಥೆ ಕೆಲಸ ಆರಂಭವಾಗುವ ಮುನ್ನವೇ ತನ್ನದೇ ಲೆಕ್ಕ ಹಾಕಿ ಪರೀಕ್ಷಿಸುವ ವ್ಯವಸ್ಥೆ. ಕರ್ನಾಟಕದ ಎಂಜಿನಿಯರುಗಳ ನಡುವೆ ಇದಕ್ಕೆ ಪ್ರೂಫ್ ಚೆಕ್, ಡಿಸೈನ್ ವೆಟ್ಟಿಂಗ್, ಪಿಯರ್ ರಿವ್ಯೂ ಎಂಬ ಹೆಸರುಗಳಿವೆ. ಜರ್ಮನಿ, ಫ್ರಾನ್ಸ್, ಸಿಂಗಪುರ, ಜಪಾನ್ ದೇಶಗಳಲ್ಲಿ ನಿಗದಿತ ಬಗೆಯ ಕಟ್ಟಡಗಳಿಗೆ ಇದು ಕಾನೂನಿನ ಪ್ರಕಾರ ಕಡ್ಡಾಯ. ಭಾರತದಲ್ಲಿ ದೊಡ್ಡ ಸೇತುವೆ, ಮೆಟ್ರೊ, ಬಹುಎತ್ತರದ ಕಟ್ಟಡಗಳ ಮಟ್ಟಿಗೆ ರೂಢಿಯಾಗಿದೆ. ನಗರಗಳಲ್ಲಿ ಹೆಚ್ಚಿನ ಜನ ವಾಸಿಸುವ ನಾಲ್ಕೈದು ಮಹಡಿಗಳ ಕಟ್ಟಡಗಳನ್ನು ಅದು ಇನ್ನೂ ತಲುಪಿಲ್ಲ.

ಇದನ್ನು ಬೇರೆ ಎರಡು ಪರಿಶೀಲನೆಗಳೊಂದಿಗೆ ಬೆರೆಸಬಾರದು. ಒಂದು, ನಗರಪಾಲಿಕೆ ಅಥವಾ ಪಂಚಾಯಿತಿಯ ನಕ್ಷೆ ಮಂಜೂರಾತಿ. ಅಲ್ಲಿ ಮುಖ್ಯವಾಗಿ ನೋಡುವುದು ನಿವೇಶನದ ಸುತ್ತ ಬಿಡಬೇಕಾದ ಜಾಗ, ಎತ್ತರ, ಒಟ್ಟು ಕಟ್ಟಬಹುದಾದ ವಿಸ್ತೀರ್ಣ, ವಾಹನ ನಿಲುಗಡೆ. ಕಟ್ಟಡ ನಿಲ್ಲುತ್ತದೋ ಇಲ್ಲವೋ ಎಂಬುದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಪ್ರಮಾಣಪತ್ರವನ್ನು ಪಡೆದು ಕಡತಕ್ಕೆ ಸೇರಿಸುವುದೇ ಸಾಮಾನ್ಯ ಪದ್ಧತಿ. ಇನ್ನೊಂದು, ವಿನ್ಯಾಸ ಮಾಡುವ ಕಚೇರಿಯ ಒಳಗೇ ಹಿರಿಯರು ಕಿರಿಯರ ಕೆಲಸವನ್ನು ತಿದ್ದುವುದು. ಇದು ಅಗತ್ಯವೇ. ಆದರೆ ಒಂದೇ ಕಚೇರಿಯವರು ಒಂದೇ ಊಹೆ, ಒಂದೇ ಸಾಫ್ಟ್‌ವೇರ್, ಒಂದೇ ಗಡುವಿನ ಒತ್ತಡದಲ್ಲಿ ಇರುತ್ತಾರೆ. ಒಬ್ಬರಿಗೆ ಕಾಣದ್ದು ಪಕ್ಕದ ಮೇಜಿನವರಿಗೂ ಕಾಣದೆ ಹೋಗುವ ಸಂಭವ ಹೆಚ್ಚು.

ಪರಿಶೀಲಕರು ಮಾಡುವ ಕೆಲಸ

ಪರಿಶೀಲಕರ ಮುಂದೆ ಬರುವ ಕಟ್ಟಿನಲ್ಲಿ ವಾಸ್ತು ನಕ್ಷೆ, ಮಣ್ಣಿನ ಪರೀಕ್ಷಾ ವರದಿ, ಯಾವ ಭಾರ, ಯಾವ ಗಾಳಿ, ಯಾವ ಭೂಕಂಪ ವಲಯ ಹಿಡಿಯಲಾಗಿದೆ ಎಂದು ತಿಳಿಸುವ ವಿನ್ಯಾಸ ಆಧಾರ ವರದಿ, ಕಂಪ್ಯೂಟರ್ ಮಾದರಿ, ಕಂಬಿಯ ವಿವರಗಳಿರುವ ನಕ್ಷೆಗಳು ಇರುತ್ತವೆ. ಅನುಭವಸ್ಥರು ಮೊದಲು ಕಂಪ್ಯೂಟರ್ ಮಾದರಿಯನ್ನು ತೆರೆಯುವುದಿಲ್ಲ. ಕಾಗದದ ಮೇಲೆ ಕೈಲೆಕ್ಕ ಹಾಕುತ್ತಾರೆ.

ತಳಮಹಡಿಯ ಮೇಲೆ ಮೂರು ಮಹಡಿಗಳಿರುವ ಒಂದು ವಾಸದ ಕಟ್ಟಡವನ್ನು ತೆಗೆದುಕೊಳ್ಳೋಣ. ಕಾಲಂಗಳ ನಡುವೆ ಎರಡೂ ದಿಕ್ಕಿಗೆ 4 ಮೀಟರ್ ಅಂತರ. ನಡುವಿನ ಒಂದು ಕಾಲಂ ಪ್ರತಿ ಮಹಡಿಯಲ್ಲೂ 16 ಚದರ ಮೀಟರ್ ಜಾಗದ ಭಾರ ಹೊರುತ್ತದೆ. 150 ಮಿಲಿಮೀಟರ್ ದಪ್ಪದ ಸ್ಲ್ಯಾಬ್ ಚದರ ಮೀಟರಿಗೆ 375 ಕಿಲೋ ತೂಗುತ್ತದೆ. ನೆಲಹಾಸು ಮತ್ತು ಗಾರೆಗೆ 125 ಕಿಲೋ. ಜನ, ಪೀಠೋಪಕರಣಗಳಿಗೆಂದು ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಗಳಿಗೆ ಹಿಡಿಯಬೇಕಾದ್ದು ಸುಮಾರು 200 ಕಿಲೋ. ಮೂರೂ ಸೇರಿ 700 ಕಿಲೋ. 16 ಚದರ ಮೀಟರಿಗೆ 11 ಟನ್ನಿಗಿಂತ ಸ್ವಲ್ಪ ಹೆಚ್ಚು. ಆ ಕಾಲಂನ ಪಾಲಿಗೆ ಬರುವ 8 ಮೀಟರ್ ಉದ್ದ, 3 ಮೀಟರ್ ಎತ್ತರದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಮತ್ತೆ 11 ಟನ್. ಬೀಮ್, ಕಾಲಂಗಳ ಸ್ವಂತ ತೂಕ ಸೇರಿದರೆ ಮಹಡಿಗೆ 24 ಟನ್. ನಾಲ್ಕು ಸ್ಲ್ಯಾಬ್‌ಗಳಿಗೆ 95 ಟನ್ ಆಸುಪಾಸು. ಮಣ್ಣು ಚದರ ಮೀಟರಿಗೆ 20 ಟನ್ ತಾಳುತ್ತದೆ ಎಂದು ವರದಿ ಹೇಳಿದ್ದರೆ, ಪಾಯದ ತೂಕವನ್ನೂ ಸೇರಿಸಿಕೊಂಡು ಆ ಕಾಲಂಗೆ ಸುಮಾರು 2.3 ಮೀಟರ್ ಚೌಕದ ಫುಟಿಂಗ್ ಬೇಕು. ನಕ್ಷೆಯಲ್ಲಿ 1.5 ಮೀಟರ್ ಚೌಕ ಬರೆದಿದ್ದರೆ ಬೇಕಾದ ವಿಸ್ತೀರ್ಣದ ಅರ್ಧವೂ ಅಲ್ಲಿಲ್ಲ. ಹತ್ತು ನಿಮಿಷದ ಈ ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲ, ನಿಜ. ಆದರೆ ಕಟ್ಟಡವನ್ನು ಕೆಡಹುವ ದೊಡ್ಡ ತಪ್ಪುಗಳು ಬಹುಪಾಲು ಇಷ್ಟೇ ಸರಳವಾಗಿರುತ್ತವೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಮಹಡಿಯೊಂದರ 24 ಟನ್ನಿನಲ್ಲಿ ಜನ ಮತ್ತು ಸಾಮಾನಿನ ಪಾಲು ಮೂರು ಟನ್ ಚಿಲ್ಲರೆ ಮಾತ್ರ. ಕಾಂಕ್ರೀಟ್ ಕಟ್ಟಡ ಹೊರುವ ಭಾರದಲ್ಲಿ ದೊಡ್ಡದು ಅದರದ್ದೇ ತೂಕ. ಇದನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಸಿಂಗಪುರ ನೋಡಿದೆ. ಆ ವಿಷಯ ಮುಂದೆ ಬರುತ್ತದೆ.

ಕೈಲೆಕ್ಕದ ನಂತರ ಪರಿಶೀಲಕರು ತಮ್ಮದೇ ಕಂಪ್ಯೂಟರ್ ಮಾದರಿ ಕಟ್ಟುತ್ತಾರೆ. ವಿನ್ಯಾಸಕಾರರ ಮಾದರಿಯನ್ನೇ ಪಡೆದು ಮತ್ತೊಮ್ಮೆ ಓಡಿಸಿದರೆ ಅದೇ ತಪ್ಪು ಅದೇ ಉತ್ತರವನ್ನು ಕೊಡುತ್ತದೆ. 1991ರ ಆಗಸ್ಟ್ 23ರಂದು ನಾರ್ವೆಯ ಗಾಂಡ್ಸ್‌ಫ್ಯೋರ್ಡ್‌ನಲ್ಲಿ ಸ್ಲೈಪ್ನರ್-ಎ ತೈಲ ವೇದಿಕೆಯ ಕಾಂಕ್ರೀಟ್ ತಳಭಾಗ ಮುಳುಗಿತು. ಕಂಪ್ಯೂಟರ್ ಮಾದರಿಯನ್ನು ತೀರ ಒರಟಾಗಿ ಕಟ್ಟಿದ್ದರಿಂದ ಒಂದು ಕೋಶದ ಗೋಡೆಯ ಮೇಲಿನ ಕತ್ತರಿ ಬಲ ಶೇ. 47ರಷ್ಟು ಕಡಿಮೆ ಬಂದಿತ್ತು. ಗೋಡೆ ಸೇರುವ ಮೂಲೆಯ ಕಂಬಿಯೂ ಸಾಲದಾಗಿತ್ತು. ದುರಂತದ ನಂತರ ಹೆಚ್ಚು ಸೂಕ್ಷ್ಮವಾಗಿ ಲೆಕ್ಕ ಹಾಕಿದಾಗ ಆ ಗೋಡೆ 62 ಮೀಟರ್ ಆಳದಲ್ಲಿ ಒಡೆಯಬೇಕು ಎಂದು ಬಂತು. ಒಡೆದದ್ದು 65 ಮೀಟರಿನಲ್ಲಿ. ಸರಿಯಾದ ಲೆಕ್ಕ ಅಷ್ಟು ಹತ್ತಿರದ ಉತ್ತರ ಕೊಡುವಂಥದ್ದಾಗಿತ್ತು. ಅದನ್ನು ಮೊದಲೇ ಪ್ರತ್ಯೇಕವಾಗಿ ಹಾಕಿದವರಿರಲಿಲ್ಲ.

ಮೂರನೆಯ ಹಂತ, ಜೋಡಣೆಗಳು. ಬೀಮ್ ಕಾಲಂಗೆ ಸೇರುವ ಜಾಗ, ಚಪ್ಪಟೆ ಸ್ಲ್ಯಾಬ್ ನೇರವಾಗಿ ಕಾಲಂ ಮೇಲೆ ಕೂರುವ ಜಾಗ, ಕಂಬಿಗಳು ಒತ್ತೊತ್ತಾಗಿ ಕಾಂಕ್ರೀಟ್ ಇಳಿಯದಿರುವ ಜಾಗ. 1981ರ ಮಾರ್ಚ್‌ನಲ್ಲಿ ಫ್ಲಾರಿಡಾದ ಕೊಕೊ ಬೀಚ್‌ನಲ್ಲಿ ಕಟ್ಟುತ್ತಿದ್ದ ಐದು ಮಹಡಿಯ ಹಾರ್ಬರ್ ಕೇ ವಸತಿ ಕಟ್ಟಡ ಕುಸಿದು 11 ಕಾರ್ಮಿಕರು ಸತ್ತರು. ಕಾಲಂ ಸ್ಲ್ಯಾಬನ್ನು ತೂತು ಮಾಡಿಕೊಂಡು ಹೋಗದಂತೆ ತಡೆಯಲು ಮಾಡಬೇಕಾದ ‘ಪಂಚಿಂಗ್ ಶಿಯರ್’ ಲೆಕ್ಕವನ್ನೇ ವಿನ್ಯಾಸಕಾರರು ಮಾಡಿರಲಿಲ್ಲ. ಇರುವ ಲೆಕ್ಕದಲ್ಲಿ ತಪ್ಪು ಹುಡುಕುವುದಕ್ಕಿಂತ, ಇರಬೇಕಾಗಿದ್ದು ಇಲ್ಲದಿರುವುದನ್ನು ಗುರುತಿಸುವುದು ಕಷ್ಟದ ಕೆಲಸ. ಪರಿಶೀಲಕರ ಅನುಭವ ಬೆಲೆ ಬಾಳುವುದು ಇಲ್ಲಿ.

ಇತಿಹಾಸ

ಕಟ್ಟುವ ಮೊದಲು ಹೊರಗಿನವರನ್ನು ಕೇಳುವುದು ಹಳೆಯ ಅಭ್ಯಾಸ. 1386ರಲ್ಲಿ ಆರಂಭವಾದ ಮಿಲಾನ್ ಮಹಾಮಂದಿರಕ್ಕಾಗಿ ಅಲ್ಲಿನ ಕಟ್ಟಡ ಸಮಿತಿ ಪಿಯಾಚೆನ್ಸಾದ ಗಣಿತಜ್ಞನನ್ನೂ ಜರ್ಮನ್ ಮತ್ತು ಫ್ರೆಂಚ್ ಶಿಲ್ಪಿಗಳನ್ನೂ ಒಬ್ಬರಾದ ಮೇಲೊಬ್ಬರಂತೆ ಕರೆಸಿ ಅಭಿಪ್ರಾಯ ಕೇಳಿತು. 1400ರ ಸುಮಾರಿಗೆ ಬಂದ ಫ್ರೆಂಚ್ ಶಿಲ್ಪಿ ಜಾನ್ ಮಿನ್ಯೊ ಆಸರೆ ಗೋಡೆಗಳು ದುರ್ಬಲವೆಂದು ಪಟ್ಟು ಹಿಡಿದ, ಸಮಿತಿ ಒಪ್ಪಲಿಲ್ಲ, ಮಂದಿರ ಇಂದಿಗೂ ನಿಂತಿದೆ. ಪರಿಶೀಲಕರ ಮಾತೂ ತಪ್ಪಾಗಬಹುದು ಎಂಬುದಕ್ಕೆ ಇದು ಹಳೆಯ ಸಾಕ್ಷಿ. ಹಾಗಾಗಿಯೇ ಭಿನ್ನಾಭಿಪ್ರಾಯ ಬಂದಾಗ ತೀರ್ಮಾನ ಯಾರದ್ದು ಎಂಬುದನ್ನು ಇಂದಿನ ನಿಯಮಗಳು ಮೊದಲೇ ಗೊತ್ತುಮಾಡಿರುತ್ತವೆ.

ಆಧುನಿಕ ಚರ್ಚೆಗೆ ತಳಹದಿ ಹಾಕಿದ್ದು ಕೆನಡಾದ ಕ್ವೆಬೆಕ್ ಸೇತುವೆ. ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ ಯೋಜಿಸಿದ ಈ ಉಕ್ಕಿನ ಸೇತುವೆಗೆ ನ್ಯೂಯಾರ್ಕಿನ ಥಿಯೊಡರ್ ಕೂಪರ್ ಸಲಹಾ ಎಂಜಿನಿಯರ್. ಆ ಕಾಲದಲ್ಲಿ ಅಮೆರಿಕದಲ್ಲಿ ಸೇತುವೆ ಎಂದರೆ ಕೂಪರ್ ಹೆಸರು ಬರುತ್ತಿತ್ತು. 1900ರಲ್ಲಿ ಅವರ ಸಲಹೆಯಂತೆ ನಡುವಿನ ಹರವನ್ನು 1,600 ಅಡಿಯಿಂದ 1,800 ಅಡಿಗೆ ಹೆಚ್ಚಿಸಲಾಯಿತು. ಹರವು ಹೆಚ್ಚಿದರೆ ಉಕ್ಕು ಹೆಚ್ಚು, ಉಕ್ಕು ಹೆಚ್ಚಿದರೆ ಸ್ವಂತ ತೂಕ ಹೆಚ್ಚು. ಆದರೆ ವಿನ್ಯಾಸಕ್ಕೆ ಆಧಾರವಾಗಿದ್ದ ತೂಕವನ್ನು ಹೊಸ ಹರವಿಗೆ ತಕ್ಕಂತೆ ಮತ್ತೆ ಲೆಕ್ಕ ಹಾಕಲಿಲ್ಲ.

1903ರಲ್ಲಿ ಸರ್ಕಾರದ ರೈಲ್ವೆ ಮತ್ತು ಕಾಲುವೆಗಳ ಇಲಾಖೆ, ನಕ್ಷೆಗಳನ್ನು ತನ್ನ ಎಂಜಿನಿಯರ್ ಒಬ್ಬರಿಂದ ಪ್ರತ್ಯೇಕವಾಗಿ ಪರಿಶೀಲಿಸಲು ಮುಂದಾಯಿತು. ಕೂಪರ್ ಬಲವಾಗಿ ವಿರೋಧಿಸಿದರು. ತನ್ನ ತೀರ್ಮಾನವನ್ನು ಇನ್ನೊಬ್ಬರು ಪರೀಕ್ಷಿಸುವುದು ತನ್ನನ್ನು ಕೆಳಗಿನ ಸ್ಥಾನಕ್ಕೆ ಇಳಿಸಿದಂತೆ ಎಂಬುದು ಅವರ ವಾದ. ಇಲಾಖೆ ಹಿಂದೆ ಸರಿಯಿತು. ಅಂತಿಮ ಮಾತು ಕೂಪರ್ ಅವರದ್ದೇ ಎಂದಾಯಿತು. ತೂಕದ ತಪ್ಪು ಬೆಳಕಿಗೆ ಬಂದಾಗ ಉಕ್ಕಿನ ಭಾಗಗಳು ಬಹಳಷ್ಟು ಸಿದ್ಧವಾಗಿದ್ದವು, ಕೆಲವು ಜೋಡಣೆಯೂ ಆಗಿದ್ದವು. ಲೋಹದ ಮೇಲಿನ ಒತ್ತಡ ಶೇ. 7ರಿಂದ 10ರಷ್ಟು ಏರಿದರೂ ಪರವಾಗಿಲ್ಲ ಎಂದು ಅವರು ಒಪ್ಪಿಗೆ ಕೊಟ್ಟರು. 1907ರ ಆಗಸ್ಟ್‌ನಲ್ಲಿ ಕೆಳಭಾಗದ ಉಕ್ಕಿನ ತೊಲೆಗಳು ಬಾಗತೊಡಗಿದವು. ಸ್ಥಳದಲ್ಲಿದ್ದ ಯುವ ಎಂಜಿನಿಯರ್ ನ್ಯೂಯಾರ್ಕಿಗೆ ರೈಲು ಹತ್ತಿ ಹೋಗಿ ವಿಷಯ ತಿಳಿಸಿದರು. ಇನ್ನು ಭಾರ ಹಾಕಬೇಡಿ ಎಂಬ ತಂತಿ ಸಂದೇಶ ಉಕ್ಕಿನ ಭಾಗಗಳನ್ನು ತಯಾರಿಸುವ ಕಾರ್ಖಾನೆಗೆ ಹೋಯಿತು. ಕೆಲಸದ ಸ್ಥಳಕ್ಕೆ ತಲುಪಲಿಲ್ಲ. ಆಗಸ್ಟ್ 29ರ ಸಂಜೆ, ದಿನದ ಕೆಲಸ ಮುಗಿಯುವ ಹೊತ್ತಿಗೆ, ದಕ್ಷಿಣದ ತೋಳು ಇಡಿಯಾಗಿ ನದಿಗೆ ಬಿತ್ತು. ಸೇತುವೆಯ ಮೇಲಿದ್ದ 86 ಜನರಲ್ಲಿ 75 ಮಂದಿ ಸತ್ತರು. ಅವರಲ್ಲಿ ಸುಮಾರು 33 ಮಂದಿ ಕಾನಾವಾಗೆಯ ಮೊಹಾಕ್ ಜನಾಂಗದ ಉಕ್ಕು ಕೆಲಸಗಾರರು. ಮತ್ತೆ ಕಟ್ಟುವಾಗ ವಿನ್ಯಾಸವನ್ನು ಒಬ್ಬರ ಕೈಗೆ ಕೊಡದೆ ಎಂಜಿನಿಯರುಗಳ ಮಂಡಳಿ ರಚಿಸಲಾಯಿತು. 1916ರಲ್ಲಿ ನಡುವಿನ ಭಾಗವನ್ನು ಎತ್ತುವಾಗ ಅದು ಬಿದ್ದು ಇನ್ನೂ 13 ಜನ ಸತ್ತರು. 1917ರಲ್ಲಿ ಪೂರ್ಣಗೊಂಡ ಸೇತುವೆಯ 549 ಮೀಟರ್ ಹರವು ತನ್ನ ಬಗೆಯ ಸೇತುವೆಗಳಲ್ಲಿ ಇಂದಿಗೂ ಅತಿ ಉದ್ದದ್ದು.

ಕೂಪರ್ ಅಸಮರ್ಥರಾಗಿರಲಿಲ್ಲ, ಅವರಿಗಿಂತ ಹೆಚ್ಚು ತಿಳಿದವರು ಆಗ ವಿರಳ. ಸ್ವತಂತ್ರ ಪರಿಶೀಲನೆಯ ಅಗತ್ಯವನ್ನು ಕ್ವೆಬೆಕ್‌ನಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ಇಲ್ಲದಿರುವುದು ಇದೇ ಕಾರಣಕ್ಕೆ. ಇಲ್ಲಿ ಬೇಕಾಗಿದ್ದದ್ದು ಕೂಪರ್‌ಗಿಂತ ದೊಡ್ಡ ಪಂಡಿತನಲ್ಲ, ಹರವು ಬದಲಾದ ಮೇಲೆ ತೂಕವನ್ನು ಮತ್ತೊಮ್ಮೆ ಕೂಡಿ ನೋಡುವ ಇನ್ನೊಬ್ಬ ಎಂಜಿನಿಯರ್.

ಬೇರೆ ಬೇರೆ ದೇಶಗಳ ವ್ಯವಸ್ಥೆ

ಜರ್ಮನಿಯ ವ್ಯವಸ್ಥೆ ಎಲ್ಲಕ್ಕಿಂತ ಹಳೆಯದು. 1926ರಲ್ಲಿ ಪ್ರಶ್ಯಾ ರಾಜ್ಯ ‘ಪ್ರ್ಯೂಫ್ ಇಂಜೆನಿಯರ್’, ಅಂದರೆ ಪರಿಶೀಲನೆಗೆಂದೇ ಸರ್ಕಾರ ಮಾನ್ಯತೆ ನೀಡಿದ ಎಂಜಿನಿಯರ್ ಎಂಬ ಹುದ್ದೆಯನ್ನು ರೂಪಿಸಿತು. ಸರ್ಕಾರಿ ಕಚೇರಿಗಳಲ್ಲಿ ಅಷ್ಟೊಂದು ತಜ್ಞರು ಇರಲಿಲ್ಲವಾದ್ದರಿಂದ ಹೊರಗಿನ ಅನುಭವಿಗಳಿಗೆ ಸರ್ಕಾರದ ಪರವಾಗಿ ಪರೀಕ್ಷಿಸುವ ಅಧಿಕಾರ ಕೊಟ್ಟರು. ಅವರ ಶುಲ್ಕವನ್ನು ರಾಜ್ಯಗಳ ನಿಯಮವೇ ನಿಗದಿ ಮಾಡುತ್ತದೆ, ಚೌಕಾಸಿಗೆ ಅವಕಾಶವಿಲ್ಲ. 2006ರ ಜನವರಿ 2ರಂದು ಬವೇರಿಯಾದ ಬಾಡ್ ರೈಖನ್‌ಹಾಲ್‌ನಲ್ಲಿ ಹಿಮದ ಆಟದ ಸಭಾಂಗಣದ ಮರದ ಛಾವಣಿ ಕುಸಿದು 15 ಜನ ಸತ್ತಾಗ, ಆ ಛಾವಣಿಯ ಲೆಕ್ಕವನ್ನು ಯಾರೂ ಪರಿಶೀಲಿಸಿದ ದಾಖಲೆ ಸಿಗಲಿಲ್ಲ. ಇಷ್ಟು ಕಟ್ಟುನಿಟ್ಟಿನ ದೇಶದಲ್ಲೂ ಒಂದು ಕಡತ ತಪ್ಪಿಸಿಕೊಂಡಿತ್ತು.

ಬ್ರಿಟನ್ ಎಚ್ಚೆತ್ತದ್ದು ಪೆಟ್ಟಿಗೆ ಆಕಾರದ ಉಕ್ಕಿನ ತೊಲೆಗಳ ಸೇತುವೆಗಳು ಒಂದರ ಹಿಂದೊಂದು ಬಿದ್ದಾಗ. 1970ರ ಜೂನ್ 2ರಂದು ವೇಲ್ಸ್‌ನ ಕ್ಲೆಡೌ ಸೇತುವೆಯಲ್ಲಿ 4 ಸಾವು. ಅದೇ ವರ್ಷ ಅಕ್ಟೋಬರ್ 15ರಂದು ಮೆಲ್ಬರ್ನಿನ ವೆಸ್ಟ್ ಗೇಟ್ ಸೇತುವೆಯಲ್ಲಿ 35. ಮರುವರ್ಷ ನವೆಂಬರಿನಲ್ಲಿ ಜರ್ಮನಿಯ ಕೋಬ್ಲೆನ್ಜ್‌ನಲ್ಲಿ 13. ಮೂರೂ ಕಟ್ಟುವ ಹಂತದಲ್ಲೇ ಬಿದ್ದವು. ಬ್ರಿಟಿಷ್ ಸರ್ಕಾರ ನೇಮಿಸಿದ ಮೆರಿಸನ್ ಸಮಿತಿ, ಪೂರ್ಣಗೊಂಡ ಸೇತುವೆಯ ವಿನ್ಯಾಸಕ್ಕಷ್ಟೇ ಅಲ್ಲ, ಗುತ್ತಿಗೆದಾರ ಅದನ್ನು ಜೋಡಿಸುವ ಕ್ರಮಕ್ಕೂ ಸ್ವತಂತ್ರ ಪರಿಶೀಲನೆ ಬೇಕು ಎಂದಿತು. ಅಲ್ಲಿಂದ ಬೆಳೆದ ಹೆದ್ದಾರಿ ನಿಯಮಗಳಲ್ಲಿ ಸೇತುವೆಗಳನ್ನು ಕ್ಲಿಷ್ಟತೆಗೆ ತಕ್ಕಂತೆ 0ಯಿಂದ 3ರವರೆಗೆ ವರ್ಗಗಳಾಗಿ ವಿಂಗಡಿಸಿದ್ದಾರೆ. ಮೂರನೆಯ ವರ್ಗದ್ದನ್ನು ಬೇರೆ ಸಂಸ್ಥೆಯೇ ಪರಿಶೀಲಿಸಬೇಕು, ಅದೂ ಮೂಲ ಲೆಕ್ಕವನ್ನು ನೋಡದೆ ನಕ್ಷೆಯಿಂದಲೇ ತನ್ನ ಲೆಕ್ಕ ಕಟ್ಟಬೇಕು. ಇದು ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತ್ಯುತ್ತಮ ನಿಯಮ.

ಸಿಂಗಪುರದ ಪಾಠ ಅತಿ ಕಠೋರ. 1986ರ ಮಾರ್ಚ್ 15ರಂದು ಹೋಟೆಲ್ ನ್ಯೂ ವರ್ಲ್ಡ್ ಇದ್ದ ಆರು ಮಹಡಿಯ ಕಟ್ಟಡ ಒಂದು ನಿಮಿಷದೊಳಗೆ ಕುಸಿದು 33 ಜನ ಸತ್ತರು. 17 ಮಂದಿಯನ್ನು ಅವಶೇಷದಿಂದ ಜೀವಂತವಾಗಿ ತೆಗೆದರು. ಕಟ್ಟಡಕ್ಕೆ ಹದಿನೈದು ವರ್ಷವಷ್ಟೇ ಆಗಿತ್ತು. ತನಿಖೆಯಲ್ಲಿ ಕಂಡದ್ದು, ವಿನ್ಯಾಸ ಮಾಡುವಾಗ ಜನ ಮತ್ತು ಸಾಮಾನಿನ ಭಾರವನ್ನು ಹಿಡಿದಿದ್ದರೂ ಕಟ್ಟಡದ ಸ್ವಂತ ತೂಕವನ್ನೇ ಬಿಟ್ಟಿದ್ದರು. ಮೇಲೆ ಹೇಳಿದ ಹತ್ತು ನಿಮಿಷದ ಕೈಲೆಕ್ಕ 1971ರಲ್ಲಿ ಇನ್ನೊಬ್ಬರ ಕೈಯಲ್ಲಿ ನಡೆದಿದ್ದರೆ ಆ ನಕ್ಷೆ ಅಲ್ಲೇ ನಿಲ್ಲುತ್ತಿತ್ತು. 1989ರ ಕಟ್ಟಡ ನಿಯಂತ್ರಣ ಕಾಯಿದೆ ‘ಅಕ್ರೆಡಿಟೆಡ್ ಚೆಕರ್’ ಪದ್ಧತಿಯನ್ನು ತಂದಿತು: ನೋಂದಾಯಿತ ಪರಿಶೀಲಕರು ಮೂಲ ವಿನ್ಯಾಸವನ್ನು ಸ್ವತಂತ್ರವಾಗಿ ಲೆಕ್ಕ ಹಾಕಿ ಪ್ರಮಾಣೀಕರಿಸಬೇಕು, ಅವರಿಗೆ ಆ ಯೋಜನೆಯಲ್ಲಿ ವೃತ್ತಿಯ ಅಥವಾ ಹಣದ ಹಿತಾಸಕ್ತಿ ಇರಕೂಡದು. 2004ರ ಏಪ್ರಿಲ್ 20ರಂದು ನಿಕೊಲ್ ಹೆದ್ದಾರಿಯ ಬಳಿ ಮೆಟ್ರೊಗಾಗಿ ತೋಡಿದ್ದ ಆಳದ ಕಂದಕ ಕುಸಿದು ನಾಲ್ವರು ಸತ್ತ ಬಳಿಕ, ತಾತ್ಕಾಲಿಕ ಆಸರೆಗಳೂ ಮಣ್ಣಿನ ಲೆಕ್ಕವೂ ಪರಿಶೀಲನೆಯ ವ್ಯಾಪ್ತಿಗೆ ಬಿಗಿಯಾಗಿ ಬಂದವು.

ಫ್ರಾನ್ಸ್ ಇದನ್ನು ವಿಮೆಯೊಂದಿಗೆ ಬೆಸೆಯಿತು. 1978ರ ಜನವರಿ 4ರ ಸ್ಪಿನೆಟ್ಟಾ ಕಾನೂನಿನಂತೆ ಕಟ್ಟಿದವರು ಹತ್ತು ವರ್ಷ ಹೊಣೆಗಾರರು, ಆ ಹೊಣೆಗೆ ವಿಮೆ ಕಡ್ಡಾಯ, ನಿಗದಿತ ಬಗೆಯ ಕಟ್ಟಡಗಳಿಗೆ ತಾಂತ್ರಿಕ ನಿಯಂತ್ರಕರ ನೇಮಕ ಕಡ್ಡಾಯ. ನಿಯಂತ್ರಕರು ವಿನ್ಯಾಸ ಮಾಡುವಂತಿಲ್ಲ, ಕಟ್ಟುವಂತಿಲ್ಲ.

ಜಪಾನ್‌ನಲ್ಲಿ ವ್ಯವಸ್ಥೆ ಇದ್ದೂ ಸೋತಿತು. 1998ರ ತಿದ್ದುಪಡಿಯ ನಂತರ ಖಾಸಗಿ ಸಂಸ್ಥೆಗಳೂ ನಕ್ಷೆ ಪರಿಶೀಲಿಸಬಹುದಾಗಿತ್ತು. ಒಬ್ಬ ವಾಸ್ತುಶಿಲ್ಪಿ ಹಲವು ವಸತಿ ಸಮುಚ್ಚಯ, ಹೋಟೆಲುಗಳ ಭೂಕಂಪ ಲೆಕ್ಕವನ್ನು ಸುಳ್ಳಾಗಿ ತಯಾರಿಸಿದ್ದು 2005ರ ನವೆಂಬರಿನಲ್ಲಿ ಬಯಲಾಯಿತು. ಖಾಸಗಿ ಪರಿಶೀಲಕರೂ ಸ್ಥಳೀಯ ಆಡಳಿತಗಳೂ ಅದನ್ನು ಹಿಡಿದಿರಲಿಲ್ಲ. ಜೀವಮಾನದ ಸಾಲ ಮಾಡಿ ಮನೆ ಕೊಂಡವರು ಆ ಮನೆ ಬಿಟ್ಟು ಹೊರಬರಬೇಕಾಯಿತು. 2007ರ ಜೂನ್ 20ರಿಂದ ನಿಗದಿತ ಎತ್ತರ ಮೀರಿದ ಕಟ್ಟಡಗಳಿಗೆ ಎರಡನೆಯ ಸುತ್ತಿನ ತಜ್ಞ ಪರಿಶೀಲನೆ ಕಡ್ಡಾಯವಾಯಿತು. ಸಿದ್ಧತೆ ಇಲ್ಲದೆ ತಂದ ನಿಯಮದಿಂದ ಅರ್ಜಿಗಳು ರಾಶಿ ಬಿದ್ದು ಆ ವರ್ಷ ಹೊಸ ಮನೆಗಳ ನಿರ್ಮಾಣ ತೀವ್ರವಾಗಿ ಕುಗ್ಗಿತು.

ತುರ್ಕಿ 1999ರ ಭೂಕಂಪದ ಬಳಿಕ, 2001ರಲ್ಲಿ, ಖಾಸಗಿ ತಪಾಸಣಾ ಕಂಪನಿಗಳ ಕಾನೂನು ತಂದಿತು. ಆದರೆ ತಪಾಸಕರನ್ನು ಆರಿಸುವ ಅವಕಾಶ ಬಹುಕಾಲ ಕಟ್ಟಿಸುವವರ ಕಡೆಗೇ ಉಳಿಯಿತು. 2019ರಿಂದ ಕಂಪ್ಯೂಟರ್ ಮೂಲಕ ಹಂಚಿಕೆ ಮಾಡುವ ಪದ್ಧತಿ ಬಂತು. 2023ರ ಫೆಬ್ರವರಿ 6ರ ಭೂಕಂಪಗಳಲ್ಲಿ ಅಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಿದ್ದ ಕಟ್ಟಡಗಳಲ್ಲಿ 2001ರ ನಂತರದವೂ ಇದ್ದವು.

ಬ್ರಿಟನ್‌ನಲ್ಲಿ ಇತ್ತೀಚಿನ ಬದಲಾವಣೆಗೆ ಕಾರಣ ಬೆಂಕಿ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 72 ಜನ ಸತ್ತ ನಂತರ ಬಂದ 2022ರ ಕಟ್ಟಡ ಸುರಕ್ಷತಾ ಕಾಯಿದೆಯಂತೆ, 18 ಮೀಟರ್ ಅಥವಾ ಏಳು ಮಹಡಿ ಮುಟ್ಟುವ ವಸತಿ ಕಟ್ಟಡಗಳಿಗೆ ‘ಗೇಟ್‌ವೇ ಎರಡು’ ಎಂಬ ಮಂಜೂರಾತಿ ಹಂತ ದಾಟದೆ ಕೆಲಸ ಆರಂಭಿಸುವಂತಿಲ್ಲ. ಪರಿಶೀಲಿಸುವವರನ್ನು ಕಟ್ಟಿಸುವವರು ಆರಿಸುವ ಹಳೆಯ ಅವಕಾಶ ಈ ಕಟ್ಟಡಗಳಿಗೆ ಇಲ್ಲವಾಯಿತು. ತೀರ್ಮಾನಕ್ಕೆ 12 ವಾರ ಎಂದು ಗೊತ್ತುಮಾಡಿದ್ದರೂ ಮೊದಲ ವರ್ಷಗಳಲ್ಲಿ ಬಹಳಷ್ಟು ಅರ್ಜಿಗಳು ಅದನ್ನು ಎಷ್ಟೋ ಮೀರಿದವು.

ಪರಿಶೀಲನೆ ನಡೆದೂ ತಪ್ಪಿದ್ದು

ಅಮೆರಿಕದ ಮಯಾಮಿಯಲ್ಲಿ ಫ್ಲಾರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಪಾದಚಾರಿ ಸೇತುವೆ 2018ರ ಮಾರ್ಚ್ 15ರಂದು, ಕೆಳಗೆ ವಾಹನಗಳು ನಿಂತಿದ್ದಾಗ ಬಿತ್ತು. 950 ಟನ್ನಿನ ಕಾಂಕ್ರೀಟ್; 6 ಸಾವು. ಈ ಸೇತುವೆಗೆ ಸ್ವತಂತ್ರ ಪರಿಶೀಲನೆ ನಡೆದಿತ್ತು, ಪ್ರಮಾಣಪತ್ರವೂ ಇತ್ತು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ತೆರೆದಿಟ್ಟ ವಿವರಗಳನ್ನು ಈ ಕ್ಷೇತ್ರದ ಪ್ರತಿಯೊಬ್ಬರೂ ಓದಬೇಕು. ಪರಿಶೀಲನಾ ಸಂಸ್ಥೆಗೆ ಆ ಬಗೆಯ ಸೇತುವೆಯನ್ನು ಪರಿಶೀಲಿಸಲು ರಾಜ್ಯದ ಸಾರಿಗೆ ಇಲಾಖೆಯ ಪೂರ್ವಮಾನ್ಯತೆ ಇರಲಿಲ್ಲ. ಅದು ಮೊದಲು ಕೇಳಿದ್ದು 10 ವಾರ ಸಮಯ, 1,10,000 ಡಾಲರ್. ವಿನ್ಯಾಸಕಾರರೊಂದಿಗೆ ಚೌಕಾಸಿ ನಡೆದು ಒಪ್ಪಿದ್ದು 7 ವಾರಕ್ಕೆ, 61,000 ಡಾಲರಿಗೆ. ಪರಿಶೀಲಿಸಿದ್ದು ಪೂರ್ಣಗೊಂಡ ಸೇತುವೆಯನ್ನು ಮಾತ್ರ. ಅರ್ಧ ಕಟ್ಟಿದ ಸ್ಥಿತಿಯಲ್ಲಿ ಅದು ನಿಲ್ಲುತ್ತದೆಯೇ ಎಂದು ನೋಡಿರಲಿಲ್ಲ. ಬಿದ್ದದ್ದು ಆ ಸ್ಥಿತಿಯಲ್ಲೇ. ಪರಿಶೀಲಕರಿಗೆ ಹಣ ಕೊಡುವವರು ಪರಿಶೀಲನೆಗೆ ಒಳಗಾಗಬೇಕಾದವರೇ ಆದರೆ ಸಮಯ, ಶುಲ್ಕ, ವ್ಯಾಪ್ತಿ ಮೂರೂ ಕುಗ್ಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನಡೆದದ್ದು ಇನ್ನೊಂದು ಬಗೆ. 2011ರ ಫೆಬ್ರವರಿ 22ರ ಭೂಕಂಪದಲ್ಲಿ ಸಿಟಿವಿ ಕಟ್ಟಡ ಕುಸಿದು 115 ಜನ ಸತ್ತರು. 1986ರಲ್ಲಿ ನಕ್ಷೆ ನೋಡಿದ ನಗರಸಭೆಯ ಎಂಜಿನಿಯರಿಗೆ ಅನುಮಾನಗಳಿದ್ದವು. ಆದರೂ ಪರವಾನಗಿ ಹೊರಬಿತ್ತು. ಅದನ್ನು ಕೊಡಬಾರದಿತ್ತು ಎಂದು ರಾಯಲ್ ಆಯೋಗ ಹೇಳಿತು. ಅನುಮಾನ ಪಟ್ಟರೆ ಸಾಲದು. ಅದಕ್ಕೆ ಲಿಖಿತ ಉತ್ತರ ಸಿಗುವವರೆಗೆ ಕಡತ ಮುಂದೆ ಹೋಗದಂತೆ ತಡೆಯುವ ಅಧಿಕಾರ ಪರಿಶೀಲಕರಿಗಿರಬೇಕು.

ಮೂರನೆಯ ಅಪಾಯ, ಪರಿಶೀಲನೆ ಮುಗಿದ ಮೇಲಿನ ಬದಲಾವಣೆ. 1981ರ ಜುಲೈ 17ರಂದು ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನ ತೂಗುನಡಿಗೆಗಳು ಕುಸಿದು 114 ಜನ ಸತ್ತರು. ಎರಡು ನಡಿಗೆಗಳನ್ನು ಹೊರಬೇಕಿದ್ದ ಒಂದೇ ಉದ್ದನೆಯ ಸರಳನ್ನು, ಕೂರಿಸಲು ಸುಲಭವೆಂದು ಉಕ್ಕಿನ ಕೆಲಸದ ಹಂತದಲ್ಲಿ ಎರಡು ತುಂಡು ಮಾಡಿದ್ದರು. ಇದರಿಂದ ಮೇಲಿನ ನಡಿಗೆಯ ಜೋಡಣೆಯ ಮೇಲೆ ಭಾರ ಇಮ್ಮಡಿಯಾಯಿತು. ಸೋಲಿನಲ್ಲಿ 1995ರ ಜೂನ್ 29ರಂದು 502 ಜನರನ್ನು ಬಲಿ ತೆಗೆದುಕೊಂಡ ಸಂಪೂಂಗ್ ಮಳಿಗೆಯಲ್ಲಿ ಬೇರೆ ಉದ್ದೇಶಕ್ಕೆಂದು ಶುರುವಾದ ಕಟ್ಟಡವನ್ನು ಮಳಿಗೆಯಾಗಿ ಮಾರ್ಪಡಿಸಿ, ಮೇಲೊಂದು ಮಹಡಿಯನ್ನೂ ಸೇರಿಸಿದ್ದರು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಈ ಪದ್ಧತಿ ಬೇರೂರಿದ್ದು ರೈಲ್ವೆ, ಹೆದ್ದಾರಿ, ಮೆಟ್ರೊ ಗುತ್ತಿಗೆಗಳಲ್ಲಿ. ಖಾಸಗಿ ಸಹಭಾಗಿತ್ವದ ಹೆದ್ದಾರಿಗಳಲ್ಲಿ ‘ಇಂಡಿಪೆಂಡೆಂಟ್ ಎಂಜಿನಿಯರ್’ ಎಂಬ ಸಂಸ್ಥೆ ನಕ್ಷೆಗಳನ್ನು ಪಡೆದು ನಿಗದಿತ ದಿನಗಳಲ್ಲಿ ಅಭಿಪ್ರಾಯ ಕೊಡಬೇಕು. ಅಂತಿಮ ನಕ್ಷೆಯ ಮೇಲೆ ‘ಗುಡ್ ಫಾರ್ ಕನ್‌ಸ್ಟ್ರಕ್ಷನ್’ ಮೊಹರು ಬೀಳದೆ ಕಂಬಿ ಕತ್ತರಿಸುವಂತಿಲ್ಲ ಎಂಬುದು ನಿಯಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು, ಸುರತ್ಕಲ್‌ನ ಎನ್‌ಐಟಿಕೆ ಮೊದಲಾದವುಗಳ ಸಿವಿಲ್ ವಿಭಾಗಗಳಿಗೆ ಇಲಾಖೆಗಳು ವಿನ್ಯಾಸಗಳನ್ನು ವೆಟ್ಟಿಂಗ್‌ಗೆ ಕಳಿಸುವುದು ವಾಡಿಕೆ. ಇಲ್ಲೂ ಲೋಪಗಳಾಗಿವೆ: 2009ರ ಜುಲೈ 12ರಂದು ದೆಹಲಿ ಮೆಟ್ರೊದ ಜಮರೂದ್‌ಪುರ ಕುಸಿತದ ತನಿಖೆ ಕಂಬದ ತಲೆಯ ವಿನ್ಯಾಸದಲ್ಲೇ ದೋಷ ಕಂಡಿತು. ಆಗಿನ ಮುಖ್ಯಸ್ಥ ಇ. ಶ್ರೀಧರನ್ ನೈತಿಕ ಹೊಣೆ ಹೊತ್ತು ರಾಜೀನಾಮೆಗೆ ಮುಂದಾಗಿದ್ದರು.

ಕಟ್ಟಡಗಳ ವಿಷಯದಲ್ಲಿ, 50 ಮೀಟರಿಗಿಂತ ಎತ್ತರದ ಕಾಂಕ್ರೀಟ್ ಕಟ್ಟಡಗಳಿಗೆ ಐಎಸ್ 16700 ಎಂಬ ಮಾನಕ 2017ರಲ್ಲಿ ಬಂದು, ಅದರ ಮಿತಿಗಳನ್ನು ಮೀರುವ ವಿನ್ಯಾಸಗಳಿಗೆ ತಜ್ಞರ ಸಮಿತಿಯ ವಿಮರ್ಶೆಯನ್ನು ಸೂಚಿಸಿತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಮಾದರಿ ದಾಖಲೆ. ರಾಜ್ಯ ಅಥವಾ ನಗರ ತನ್ನ ಉಪವಿಧಿಗಳಲ್ಲಿ ಅಳವಡಿಸಿಕೊಂಡಷ್ಟು ಮಾತ್ರ ಅದಕ್ಕೆ ಬಲ. 2016ರ ರೇರಾ ಕಾಯಿದೆ ರಚನೆಯ ದೋಷಗಳಿಗೆ ಐದು ವರ್ಷದವರೆಗೆ ಬಿಲ್ಡರನ್ನು ಹೊಣೆ ಮಾಡುತ್ತದೆ, ಮಂಜೂರಾದ ನಕ್ಷೆಯನ್ನು ಮೂರನೆಯ ಎರಡರಷ್ಟು ಖರೀದಿದಾರರ ಒಪ್ಪಿಗೆಯಿಲ್ಲದೆ ಬದಲಿಸದಂತೆ ತಡೆಯುತ್ತದೆ. ಕಟ್ಟುವ ಮೊದಲು ಇನ್ನೊಬ್ಬರು ಲೆಕ್ಕ ಹಾಕಿ ನೋಡಲೇಬೇಕೆಂದು ಅದು ಹೇಳುವುದಿಲ್ಲ.

ಕರ್ನಾಟಕದ ನೆನಪಿನಲ್ಲಿ ಆಳವಾಗಿ ಉಳಿದ ದುರಂತ 1983ರ ಸೆಪ್ಟೆಂಬರ್ 12ರದ್ದು. ಬೆಂಗಳೂರಿನ ಸುಬೇದಾರ್ ಛತ್ರಂ ರಸ್ತೆಯಲ್ಲಿ ಕಟ್ಟುತ್ತಿದ್ದ ಏಳು ಮಹಡಿಯ ಗಂಗಾರಾಮ್ ಕಟ್ಟಡ ಕುಸಿದು 123 ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಪೂರ್ತಿಯಾಗದ ವಾಣಿಜ್ಯ ಕಟ್ಟಡ ಬಿದ್ದು 19 ಸಾವು; 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 9. ಮೂರೂ ಸಾಧಾರಣ ನಗರ ಕಟ್ಟಡಗಳು. ಮೂರರಲ್ಲೂ ಕಾಮಗಾರಿ ಇನ್ನೂ ನಡೆದಿತ್ತು.

ತಾತ್ಕಾಲಿಕ ರಚನೆಗಳ ಪ್ರಶ್ನೆ ಇಲ್ಲಿ ಎದ್ದದ್ದು 2023ರ ಜನವರಿ 10ರಂದು. ಹೊರವರ್ತುಲ ರಸ್ತೆಯ ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಂಬಿಯ ಎತ್ತರದ ಗೂಡು ದ್ವಿಚಕ್ರ ವಾಹನದ ಮೇಲೆ ಬಿದ್ದು ತಾಯಿ ಮತ್ತು ಪುಟ್ಟ ಮಗು ಸತ್ತರು. ಕಾಂಕ್ರೀಟ್ ತುಂಬಿದ ಮೇಲೆ ಆ ಕಂಬ ಎಷ್ಟು ಗಟ್ಟಿಯೋ, ಅದಕ್ಕೂ ಮೊದಲು ಆ ಕಂಬಿಗೂಡು ಅಷ್ಟೇ ಅಸಹಾಯ. ಎಳೆದು ಕಟ್ಟಿದ ತಂತಿಗಳೇ ಅದಕ್ಕೆ ಆಸರೆ. ವಿಜ್ಞಾನ ಸಂಸ್ಥೆಯ ತಜ್ಞರು ನಂತರ ಪರೀಕ್ಷಿಸಿದಾಗ ಆ ಆಸರೆ ಸಾಲದಾಗಿತ್ತು ಎಂದು ಕಂಡುಬಂತು. ಬ್ರಿಟನ್ ಅರ್ಧ ಶತಮಾನದ ಹಿಂದೆಯೇ ಸೆಂಟ್ರಿಂಗ್, ಆಸರೆ, ಜೋಡಣೆಯ ಕ್ರಮಗಳಿಗೂ ಪರಿಶೀಲನೆ ಬೇಕೆಂದು ಕಂಡುಕೊಂಡಿತ್ತು. ನಮ್ಮಲ್ಲಿ ಅದು ಬಹುಪಾಲು ಮೇಸ್ತ್ರಿಯ ಅನುಭವಕ್ಕೆ ಬಿಟ್ಟ ವಿಷಯ.

2024ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ‘ನಂಬಿಕೆ ನಕ್ಷೆ’ ಯೋಜನೆಯನ್ನು ತಂದು, 50×80 ಅಡಿವರೆಗಿನ ನಿವೇಶನಗಳ ವಾಸದ ಮನೆಗಳಿಗೆ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರುಗಳ ಮೂಲಕವೇ ತಾತ್ಕಾಲಿಕ ಮಂಜೂರಾತಿ ಸಿಗುವಂತೆ ಮಾಡಿತು. ಕಚೇರಿ ಅಲೆದಾಟ ತಪ್ಪಿಸುವ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ನಕ್ಷೆ ಮಾಡಿದವರೇ ಅದು ಸರಿಯೆಂದು ಹೇಳುವ ಈ ಏರ್ಪಾಟಿನಲ್ಲಿ ಎರಡನೆಯ ಎಂಜಿನಿಯರಿಗೆ ಜಾಗವಿಲ್ಲ. 30×40ರ ನಿವೇಶನದಲ್ಲಿ ಬಾಡಿಗೆಗೆಂದು ನಾಲ್ಕೈದು ಮಹಡಿ ಏರಿಸುವ ಕಡೆಗಳಲ್ಲಿ ಆ ಎರಡನೆಯ ಕಣ್ಣು ಎಲ್ಲಕ್ಕಿಂತ ಹೆಚ್ಚು ಬೇಕು: ಅಲ್ಲಿ ವಾಸಿಸುವವರು ನಕ್ಷೆಯನ್ನು ನೋಡಿದವರಲ್ಲ, ಪಾಯ ಎಷ್ಟು ಅಡಿ ಎಂದು ಕೇಳುವ ಸ್ಥಾನದಲ್ಲೂ ಇಲ್ಲ.

ಇದಕ್ಕೆ ದೊಡ್ಡ ಇಲಾಖೆ ಬೇಕಿಲ್ಲ. ಮೂರು ಮಹಡಿ ಮೀರುವ ಪ್ರತಿ ಕಟ್ಟಡಕ್ಕೂ ಅರ್ಜಿಯೊಂದಿಗೆ ನಿಗದಿತ ಪರಿಶೀಲನಾ ಶುಲ್ಕವನ್ನು ಸ್ಥಳೀಯ ಸಂಸ್ಥೆಯಲ್ಲೇ ಕಟ್ಟಿಸಿಕೊಂಡು, ನೋಂದಾಯಿತರ ಪಟ್ಟಿಯಿಂದ ಪರಿಶೀಲಕರನ್ನು ಕಂಪ್ಯೂಟರ್ ಮೂಲಕ ಹಂಚಬಹುದು. ಮಣ್ಣಿನ ವರದಿ, ಕಾಲಂ ನಕ್ಷೆ, ಪ್ರತಿ ಕಾಲಂ ಹೊರುವ ಭಾರದ ಪಟ್ಟಿ, ಫುಟಿಂಗ್ ವಿವರ ಇಷ್ಟನ್ನು ಮೊದಲ ಸುತ್ತಿಗೆ ಸಾಕೆಂದು ಇಟ್ಟುಕೊಂಡರೂ ಒಂದು ಕಟ್ಟಡಕ್ಕೆ ಒಬ್ಬ ಎಂಜಿನಿಯರಿನ ಒಂದೆರಡು ದಿನದ ಕೆಲಸ. ಪರಿಶೀಲಕರ ಸಹಿ ಇರುವ ಆ ನಕ್ಷೆಯ ಒಂದು ಪ್ರತಿ ಕೆಲಸದ ಸ್ಥಳದಲ್ಲೂ ಇರಬೇಕು. ಮೇಲೊಂದು ಮಹಡಿ ಸೇರಿಸುವ ಮಾತು ಬಂದಾಗ ಅದೇ ನಕ್ಷೆ ಅದೇ ಪರಿಶೀಲಕರ ಬಳಿಗೆ ಹಿಂದಿರುಗಬೇಕು.